ಕಾಲುವೆಯ ನೀರಿನ ತವರಿಗೆ

ಮಳೆಗಾಲ ಕಾಲಿಟ್ಟಿತೆಂದರೆ ದಾವಣಗೆರೆ ಸೀಮೆಯ ಒಕ್ಕಲುಮಕ್ಕಳು ಬೆಳಿಗ್ಗೆ ಪತ್ರಿಕೆ ತೆರೆದು ಮೊದಲು ಓದುವುದು ರಾಜಕೀಯದ ವಾರ್ತೆಯನ್ನಲ್ಲ, ಭದ್ರಾ ಜಲಾಶಯದ ನೀರಿನ ಮಟ್ಟವನ್ನು. ನಿನ್ನೆ ಎಷ್ಟು ಅಡಿ ಇತ್ತು, ಇಂದು ಎಷ್ಟಾಯಿತು, ಒಳಹರಿವು ಎಷ್ಟಿದೆ ಎಂಬ ಮಾತು ಕಟ್ಟೆಯ ಮೇಲೂ ಕೇಳಿಬರುತ್ತದೆ, ಮಠದ ಜಗುಲಿಯ ಮೇಲೂ ಕೇಳಿಬರುತ್ತದೆ. ೧೮೬ ಅಡಿ ತುಂಬಿತೆಂದರೆ ಮದುವೆಗಳು ನಿಶ್ಚಯವಾಗುತ್ತವೆ, ಮನೆಗಳಿಗೆ ತಳಪಾಯ ಬೀಳುತ್ತದೆ. ತುಂಬದ ವರ್ಷ ಕಾಲುವೆಯ ಕೊನೆಯ ಭಾಗದ ರೈತನ ಮುಖವನ್ನು ನೋಡಲಾಗುವುದಿಲ್ಲ. ಆ ಕಾಲುವೆಯ ನೀರಿನಲ್ಲಿಯೇ ನಾನೂ ಬಾಲ್ಯದಲ್ಲಿ ಮಿಂದವನು. ಮಠದ ಪಾಠಶಾಲೆಯಲ್ಲಿದ್ದಾಗ ಗುರುಗಳ ಲಿಂಗಪೂಜೆಗೆ ಮಡಿನೀರು ತರುವ ಸೇವೆ ನನ್ನ ಪಾಲಿನದಾಗಿತ್ತು. ತಂಬಿಗೆ ತುಂಬುವಾಗ ಈ ನೀರು ಎಲ್ಲಿಂದ ಬಂದಿತೆಂದು ಒಮ್ಮೆಯೂ ಯೋಚಿಸಿದವನಲ್ಲ. ಕಾಲುವೆಯಲ್ಲಿ ನೀರಿರುತ್ತದೆ, ಅಷ್ಟೆ.

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಮೂಲವನ್ನು ಹುಡುಕುವ ಹಂಬಲ ಬರುತ್ತದೆಂದು ಹೇಳುವುದುಂಟು. ಕಳೆದ ಕಾರ್ತಿಕ ಮಾಸದಲ್ಲಿ, ಮಳೆ ನಿಂತು ಬಿಸಿಲು ಹದವಾದ ಮೇಲೆ, ಇಬ್ಬರು ಶಿಷ್ಯರನ್ನು ಜೊತೆಗೆ ಕರೆದುಕೊಂಡು ನೀರಿನ ಎದುರು ದಿಕ್ಕಿನಲ್ಲಿ ಪಯಣ ಹೊರಟೆ. ಕಾಲುವೆಯಿಂದ ಅಣೆಕಟ್ಟಿಗೆ, ಅಣೆಕಟ್ಟಿನಿಂದ ಹೊಳೆಗೆ, ಹೊಳೆಯಿಂದ ಅದು ಹುಟ್ಟುವ ಕಾಡಿಗೆ ಹೋಗುವುದು ನಮ್ಮ ಸಂಕಲ್ಪ. ಈ ಪ್ರಯಾಣಕ್ಕೆ ಹೊರಗಿನ ಕಾರಣ ಇದಾದರೆ, ಒಳಗಿನ ಕಾರಣ ಬೇರೊಂದಿತ್ತು. ಅದು ಹಳೆಯದೊಂದು ಪ್ರಶ್ನೆ. ಅದನ್ನು ಮುಂದೆ ನಿವೇದಿಸುತ್ತೇನೆ.

ಚನ್ನಗಿರಿ, ತರೀಕೆರೆಗಳನ್ನು ದಾಟಿ ಲಕ್ಕವಳ್ಳಿಗೆ ಬಂದಾಗ ಜಲಾಶಯ ತುಂಬಿ ನಿಂತಿತ್ತು. ಎದುರಿಗೆ ಭದ್ರಾ ಅಭಯಾರಣ್ಯದ ಬೆಟ್ಟಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದವು. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಬಳ್ಳಾರಿ ಸೀಮೆಗಳ ಲಕ್ಷ ಹೆಕ್ಟೇರಿಗೂ ಮಿಕ್ಕ ಭೂಮಿ ಈ ನೀರನ್ನು ನೆಚ್ಚಿಕೊಂಡಿದೆ. ಎಪ್ಪತ್ತೊಂದೂವರೆ ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಪಾತ್ರೆಯನ್ನು ನೋಡಿ ಶಿಷ್ಯನೊಬ್ಬನು, “ಇಷ್ಟು ನೀರು ಇದ್ದ ಮೇಲೆ ನಮಗೇನು ಭಯ?” ಎಂದನು. ಪಾತ್ರೆ ದೊಡ್ಡದಾದ ಮಾತ್ರಕ್ಕೆ ನೀರು ಹುಟ್ಟುವುದಿಲ್ಲ, ಪಾತ್ರೆಯ ತಳದಲ್ಲಿ ಮಣ್ಣು ಕೂತರೆ ಪಾತ್ರೆಯೇ ಚಿಕ್ಕದಾಗುತ್ತದೆ ಎಂದು ನಾನು ಹೇಳಿದೆ. ಅವನು ಸುಮ್ಮನಾದನು.

ಅಲ್ಲಿಂದ ನರಸಿಂಹರಾಜಪುರದ ಮೇಲೆ ಬಾಳೆಹೊನ್ನೂರಿಗೆ. ರಂಭಾಪುರಿ ಪೀಠದ ಸನ್ನಿಧಿಯನ್ನು ನಮ್ಮ ಓದುಗರಲ್ಲಿ ಅನೇಕರು ದರ್ಶಿಸಿರುತ್ತಾರೆ. ಜಾತ್ರೆಯ ದಿನಗಳಲ್ಲಿ ಸಾವಿರಾರು ಸದ್ಭಕ್ತರು ಮೀಯುವ ಭದ್ರೆಯೇ ನಮ್ಮ ಕಾಲುವೆಯ ಭದ್ರೆ ಎಂಬುದನ್ನು ಎಷ್ಟು ಜನ ನೆನೆದಿರುತ್ತಾರೋ ತಿಳಿಯದು. ಸಂಜೆ ಹೊಳೆಯ ಮೆಟ್ಟಿಲಿನಲ್ಲಿ ಕುಳಿತು ಪೂಜೆ ಮುಗಿಸಿ, ಅಂಗೈಯ ಲಿಂಗದ ಮೇಲೆ ಎರೆದ ನೀರು ಮತ್ತೆ ಹೊಳೆಗೆ ಬೀಳುವುದನ್ನು ನೋಡುತ್ತಿದ್ದೆ. ಈ ನೀರು ಲಕ್ಕವಳ್ಳಿಯಲ್ಲಿ ತಂಗಿ, ಭದ್ರಾವತಿಯನ್ನು ಹಾದು, ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹೊಸಪೇಟೆಯ ಜಲಾಶಯವನ್ನು ತುಂಬಿ, ಆಂಧ್ರದಲ್ಲಿ ಕೃಷ್ಣೆಯೊಳಗೆ ಬೆರೆತು ಶ್ರೀಶೈಲದ ಬುಡಕ್ಕೆ ಹೋಗುತ್ತದೆ. ಅಕ್ಕಮಹಾದೇವಿ ನಡೆದು ಸೇರಿದ ಮಲ್ಲಿಕಾರ್ಜುನನ ಸನ್ನಿಧಿಗೆ ಮಲೆನಾಡಿನ ಕಾಡು ಪ್ರತಿವರ್ಷ ಕಳುಹಿಸುವ ಅಗ್ಘಣಿಯಿದು. ಎರಡು ಪುಣ್ಯಪೀಠಗಳನ್ನು ಒಂದೇ ನೀರಿನ ದಾರ ಪೋಣಿಸಿದೆ. ಭೂಪಟವನ್ನು ನೂರು ಸಲ ನೋಡಿದ್ದರೂ ಈ ಮಾತು ನನಗೆ ಹೊಳೆದದ್ದು ಆ ಮೆಟ್ಟಿಲಿನ ಮೇಲೆಯೇ.

ಮರುದಿನ ಕಳಸದಲ್ಲಿ ಕಳಸೇಶ್ವರನ ದರ್ಶನ ಮುಗಿಸಿ ಕುದುರೆಮುಖದ ದಾರಿ ಹಿಡಿದೆವು. ಕಾಫಿ, ಅಡಿಕೆ ತೋಟಗಳು ಹಿಂದಾಗುತ್ತ ಬಂದಂತೆ ಕಾಡು ದಟ್ಟವಾಯಿತು. ಬಯಲುಸೀಮೆಯ ನಮಗೆ ಕಾಡೆಂದರೆ ಮರಗಳ ಗುಂಪು. ಇಲ್ಲಿ ಹಾಗಲ್ಲ. ಆಕಾಶಕ್ಕೆ ಮುಟ್ಟುವ ಮರಗಳದೊಂದು ಛಾವಣಿ, ಅದರ ಕೆಳಗೆ ಎಳೆಯ ಮರಗಳದು ಇನ್ನೊಂದು, ಅದರ ಕೆಳಗೆ ಬೆತ್ತ, ಬಳ್ಳಿ, ಜರಿಗಿಡಗಳದು ಮತ್ತೊಂದು. ಕಾಂಡಗಳಿಗೆ ಹಾವಸೆ, ಹಾವಸೆಯ ಮೇಲೆ ಸೀತಾಳಿಯಂತಹ ಪರಾಶ್ರಿತ ಗಿಡಗಳು. ಒಂದು ಮರವೆಂದರೆ ಒಂದು ಊರು. ನಾವು ಪೂಜೆಗೆ ಉರಿಸುವ ಧೂಪದ ರಾಳ ಸುರಿಸುವ ಮರ, ಹಲಸಿನ ಕಾಡುಬಂಧು ಹೆಬ್ಬಲಸು, ಸುರಹೊನ್ನೆ, ಕಾಡುನೇರಳೆ, ಎಲ್ಲವೂ ಇಲ್ಲಿ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಮರದ ಮೇಲಿನಿಂದ ನೆಲಕ್ಕೆ ಇಳಿಯಲು ಒಲ್ಲದ ಸಿಂಗಳೀಕವೆಂಬ ಕಪಿ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಕಾಡಿನಲ್ಲಿ ಬಾಳುವುದಿಲ್ಲ. ನಡುವೆ ಒಂದು ದಾರಿ, ಒಂದು ತೋಟ, ಒಂದು ಗಣಿ ಬಂದು ಮರಗಳ ಕೊಂಬೆಗಳ ಸೇತುವೆ ಮುರಿಯಿತೆಂದರೆ ಅದರ ಸಂಸಾರ ಎರಡು ಹೋಳಾಗುತ್ತದೆ.

ಈ ಬೆಟ್ಟಗಳ ಮೇಲೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವುದುಂಟು. ನಮ್ಮ ಬಯಲುಸೀಮೆಯಲ್ಲಿ ಬೀಳುವುದು ಆರುನೂರರ ಆಸುಪಾಸು. ಅಷ್ಟು ಮಳೆ ಬರಿಯ ನೆಲದ ಮೇಲೆ ಬಿದ್ದರೆ ಬೆಟ್ಟವೇ ಕರಗಿ ಹೋದೀತು. ಕರಗದಂತೆ ಕಾಯುವುದು ಕಾಡಿನ ಕಾಯಕ. ಹನಿಯ ರಭಸವನ್ನು ಮೇಲಿನ ಎಲೆ ಮುರಿಯುತ್ತದೆ. ಮುರಿದ ಹನಿ ಎಲೆಯಿಂದ ಎಲೆಗೆ ಜಾರಿ, ನೆಲದ ಮೇಲಿನ ತರಗಿನ ಹಾಸಿಗೆಯಲ್ಲಿ ಇಂಗುತ್ತದೆ. ಬೇರುಗಳು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಿರುತ್ತವೆ. ಬೆಟ್ಟದ ನೆತ್ತಿಯಲ್ಲಿ ಮರವಿಲ್ಲದ ಹುಲ್ಲುಗಾವಲು, ಮಡಿಲಿನ ಕಣಿವೆಗಳಲ್ಲಿ ಶೋಲಾ ಕಾಡು, ಇದು ಇಲ್ಲಿಯ ನಿಸರ್ಗದ ರಚನೆ. ಹುಲ್ಲನ್ನು ಕಂಡು ಇದು ಪಾಳುಭೂಮಿ ಎಂದು ಬಗೆಯುವುದು ಅಜ್ಞಾನ. ಹುಲ್ಲೂ ಕಾಡೂ ಕೂಡಿ ಮಳೆಯನ್ನು ಹಿಡಿದು, ಜೂನಿನ ನೀರನ್ನು ಫೆಬ್ರವರಿಯವರೆಗೆ ಜಿನುಗಿಸುತ್ತವೆ. ನಮ್ಮ ಬೇಸಿಗೆಯ ಬೆಳೆಗೆ ಬರುವ ನೀರಿನ ಮೊದಲ ಕಟ್ಟೆ ಲಕ್ಕವಳ್ಳಿಯದಲ್ಲ, ಈ ತರಗೆಲೆಯ ಕಟ್ಟೆ.

ಈ ಬೆಟ್ಟಗಳ ಒಡಲಿನಲ್ಲಿ ಕಬ್ಬಿಣವೂ ಇತ್ತು. ಅದೇ ಇವುಗಳ ಪಾಲಿನ ಸಂಕಟವಾಯಿತು. ೧೯೬೯ರಲ್ಲಿ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚಿನ ಪ್ರದೇಶ ಮೂವತ್ತು ವರ್ಷಗಳ ಗಣಿಗುತ್ತಿಗೆಗೆ ಹೋಯಿತು. ೧೯೭೫ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. ಅವರು ಹಣ ಕೊಡುವುದು, ನಾವು ಅದಿರು ಕೊಡುವುದು. ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಕೇಂದ್ರ ಸರ್ಕಾರದ ಉದ್ಯಮವಾಗಿ ಹುಟ್ಟಿತು. ೧೯೭೯ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಒಪ್ಪಂದ ಮುರಿಯಿತು. ಆದರೆ ಅಷ್ಟರಲ್ಲಿ ಬೆಟ್ಟಕ್ಕೆ ರಸ್ತೆ ಏರಿತ್ತು, ಯಂತ್ರಗಳು ಬಂದಿದ್ದವು. ೧೯೮೦ರ ವೇಳೆಗೆ ಕಾರ್ಖಾನೆ ಸಿದ್ಧವಾಯಿತು. ಇಲ್ಲಿಯ ಅದಿರು ಬಡ ಅದಿರು. ನೂರು ಭಾಗದಲ್ಲಿ ನಲವತ್ತಕ್ಕಿಂತ ಕಡಿಮೆ ಕಬ್ಬಿಣ. ಆದುದರಿಂದ ಬೆಟ್ಟವನ್ನು ಅಗೆದು, ಪುಡಿಮಾಡಿ, ಆಯಸ್ಕಾಂತದಿಂದ ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ೬೭ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಮಣ್ಣನ್ನು ಲಕ್ಯಾ ಎಂಬ ಹಳ್ಳಕ್ಕೆ ನೂರು ಮೀಟರ್ ಎತ್ತರದ ಕಟ್ಟೆ ಕಟ್ಟಿ ಅದರಲ್ಲಿ ತುಂಬಿಸಿದರು. ಆ ಲಕ್ಯಾ ಹಳ್ಳ ಭದ್ರೆಯನ್ನು ಸೇರುವ ಹಳ್ಳ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ೧೯೮೬ರಲ್ಲಿ ನಾನು ಮಠದ ಶಾಲೆಯಲ್ಲಿ ಎಳೆಯ ಅಧ್ಯಾಪಕ. ಮಕ್ಕಳನ್ನು ಪ್ರವಾಸಕ್ಕೆಂದು ಇಲ್ಲಿಗೆ ಕರೆತಂದಿದ್ದೆ. ಮನೆಯಷ್ಟು ಎತ್ತರದ ಲಾರಿಗಳು, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದ ಯಂತ್ರಗಳು, ರಾತ್ರಿಯಲ್ಲಿ ಹಗಲಾಗಿದ್ದ ವಿದ್ಯುದ್ದೀಪಗಳು, ಅಚ್ಚುಕಟ್ಟಾದ ಪಟ್ಟಣ. ನಾನು ಮಂತ್ರಮುಗ್ಧನಾದೆ. ಊರಿಗೆ ಮರಳಿ ಮಠದ ಶಿವಾನುಭವ ಗೋಷ್ಠಿಯಲ್ಲಿ ಒಂದು ಗಂಟೆ ಉಪನ್ಯಾಸ ಮಾಡಿದೆ. ಶರಣರು ಸಾರಿದ ಕಾಯಕತತ್ತ್ವದ ಇಪ್ಪತ್ತನೆಯ ಶತಮಾನದ ರೂಪವನ್ನು ಕಂಡುಬಂದೆನೆಂದು ಹೇಳಿದೆ. ಭಕ್ತರು ಚಪ್ಪಾಳೆ ತಟ್ಟಿದರು. ನಮ್ಮ ವೃದ್ಧ ಗುರುಗಳು ಮಾತ್ರ ಗೋಷ್ಠಿ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು, “ಅಷ್ಟೊಂದು ಮಣ್ಣು ಅಗೆದಿದ್ದಾರೆ ಎಂದೆಯಲ್ಲ, ಮಳೆಗಾಲದಲ್ಲಿ ಆ ಮಣ್ಣು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರು. “ಅದಕ್ಕೊಂದು ಕಟ್ಟೆ ಕಟ್ಟಿದ್ದಾರೆ ಬುದ್ಧಿ” ಎಂದೆ. ಗುರುಗಳು ನಕ್ಕು, “ಕಟ್ಟೆಗೆ ಹೋಗುವ ಮಣ್ಣು ಕಾರ್ಖಾನೆಯದು. ಬೆಟ್ಟದ ಮೈಮೇಲಿನದು?” ಎಂದರು. ಅವರು ಒಕ್ಕಲಿನ ಮನೆಯಲ್ಲಿ ಹುಟ್ಟಿದವರು, ಬದು ಒಡೆದ ಹೊಲವನ್ನು ಕಂಡವರು. ನನ್ನಲ್ಲಿ ಉತ್ತರವಿರಲಿಲ್ಲ. ಗುರುಗಳು ಲಿಂಗೈಕ್ಯರಾದ ಮೇಲೂ ಆ ಪ್ರಶ್ನೆ ನನ್ನಲ್ಲಿ ಉಳಿಯಿತು.

ಉತ್ತರ ಬಂದುದು ವರ್ಷಗಳ ತರುವಾಯ. ಹುಲ್ಲಿನ ಹೊದಿಕೆ ಕಳೆದುಕೊಂಡ ಬೆಟ್ಟದ ಮೇಲೆ ಮಲೆನಾಡಿನ ಮಳೆ ಬಿದ್ದಾಗ ಕೆಮ್ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಜಲಾನಯನದ ಸಣ್ಣದೊಂದು ತುಂಡಾದ ಗಣಿಪ್ರದೇಶದಿಂದಲೇ ಹೊಳೆಯ ಹೂಳಿನ ದೊಡ್ಡ ಪಾಲು ಬರುತ್ತಿರುವುದನ್ನು ವಿಜ್ಞಾನಿಗಳು ಹೊಳೆಯಲ್ಲಿ ನಿಂತು ಅಳೆದು ತೋರಿಸಿದರು. ೧೯೮೭ರಲ್ಲಿ ಸುತ್ತಲಿನ ೬೦೦ ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಒಂದೇ ಕಾಡಿಗೆ ಒಂದು ಕೈ ರಕ್ಷೆ ಕಟ್ಟಿತು, ಇನ್ನೊಂದು ಕೈ ಹಾರೆ ಹಾಕಿತು. ೧೯೯೯ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ ಮತ್ತೆ ಇಪ್ಪತ್ತು ವರ್ಷ ಬೇಕೆಂಬ ಬೇಡಿಕೆ ಬಂದಿತು. ಪರಿಸರಾಸಕ್ತರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ನಾಗರಹೊಳೆಯ ಕಾಡನ್ನು ಕಾಯ್ದು ಹೆಸರಾಗಿದ್ದ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಆ ಮೊಕದ್ದಮೆ ದಾಖಲಾಗಿದೆ. ೨೦೦೨ರ ಅಕ್ಟೋಬರ್ ೩೦ರಂದು ನ್ಯಾಯಾಲಯ ತೀರ್ಪಿತ್ತಿತು: ಈಗಾಗಲೇ ಅಗೆದಿರುವ ಭಾಗದಲ್ಲಿ ಮಾತ್ರ, ಅದೂ ೨೦೦೫ರ ಅಂತ್ಯದವರೆಗೆ ಮಾತ್ರ ಗಣಿಗಾರಿಕೆ. ೨೦೦೫ರ ಡಿಸೆಂಬರ್ ೩೧ರಂದು ಯಂತ್ರಗಳು ನಿಂತವು.

ಇದನ್ನು ಕೇವಲ ವಿಜಯಗಾಥೆಯಾಗಿ ಬರೆದರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ೧೯೮೬ರಲ್ಲಿ ನನ್ನ ಉಪನ್ಯಾಸವನ್ನು ಕೇಳಿದ್ದ ಭಕ್ತರೊಬ್ಬರು ತಮ್ಮ ಮಗನನ್ನು ಇಲ್ಲಿಯ ಕೆಲಸಕ್ಕೆ ಕಳುಹಿಸಿದ್ದರು. ಗಣಿ ಮುಚ್ಚುವ ವರ್ಷ ಆ ಮಗ ಮಡದಿ ಮಕ್ಕಳೊಡನೆ ಮಠಕ್ಕೆ ಬಂದು, “ಅಂದು ಇದು ಕಾಯಕವೆಂದು ಹೇಳಿದವರು ನೀವು. ಇಂದು ಅದು ಪಾಪವಾಯಿತೆ?” ಎಂದು ಕೇಳಿದನು. ಅವನ ದನಿಯಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆತನ ದುಡಿಮೆ ಪಾಪವಲ್ಲ, ದುಡಿಮೆಯನ್ನು ಯಾವುದಕ್ಕೆ ಹೂಡಬೇಕೆಂದು ನಿಶ್ಚಯಿಸಿದವರ ತಪ್ಪು ಅದು, ಆ ನಿಶ್ಚಯಕ್ಕೆ ಚಪ್ಪಾಳೆ ತಟ್ಟಿಸಿದ ನನ್ನ ತಪ್ಪು ಅದು ಎಂದು ಹೇಳಿದೆ. ಆತ ಮಂಗಳೂರಿನಲ್ಲಿ ಬೇರೆ ಉದ್ಯೋಗ ಹುಡುಕಿಕೊಂಡನು. ಹಾಗೆಯೇ ರಾಷ್ಟ್ರೀಯ ಉದ್ಯಾನದ ಒಳಗೆ ತಲೆಮಾರುಗಳಿಂದ ಬಾಳಿದ ಬಡ ಕುಟುಂಬಗಳು ಒಕ್ಕಲೆಬ್ಬಿಸುವ ಭಯದಲ್ಲಿ ಬದುಕಿದ್ದೂ ಈ ಬೆಟ್ಟಗಳ ಇತಿಹಾಸದ ಭಾಗವೇ. ಕೊಡಲಿಯೊಂದನ್ನೇ ಹಿಡಿದವನನ್ನೂ ಬೆಟ್ಟವನ್ನೇ ಅಗೆದ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ನಾವು ತಲುಪಿದಾಗ ಪಟ್ಟಣ ನಿಶ್ಶಬ್ದವಾಗಿತ್ತು. ಸಾಲುಮನೆಗಳ ಬಾಗಿಲುಗಳಿಗೆ ಬೀಗ, ಬೀಗಗಳಿಗೆ ತುಕ್ಕು, ಗೋಡೆಗಳ ಮೇಲೆ ಹಾವಸೆ. ಹಳಬರು ಈ ಜಾಗವನ್ನು ಇಂದಿಗೂ ಮಲ್ಲೇಶ್ವರವೆಂದೇ ಕರೆಯುತ್ತಾರೆ. ಕಂಪೆನಿ ಬರುವ ಮುನ್ನವೇ ಇದ್ದ ಹೆಸರದು, ಕಂಪೆನಿ ಹೋದ ಮೇಲೂ ಉಳಿದ ಹೆಸರು. ಗಣಿಯ ಪ್ರದೇಶಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ದೂರದಿಂದ ಕಂಡೆ. ಅಂದು ಕೆಂಪು ಮೆಟ್ಟಿಲುಗಳಾಗಿದ್ದ ಬೆಟ್ಟದ ಮೇಲೆ ಹಸಿರಿನ ಗೆರೆಗಳು ಮೂಡಿವೆ. ಶಿಷ್ಯರು ಹರ್ಷದಿಂದ, “ಕಾಡು ಮರಳಿ ಬಂದಿದೆ” ಎಂದರು. ನಿಧಾನವಾಗಿ ನೋಡಿದರೆ ಆ ಹಸಿರಿನಲ್ಲಿ ಮಣ್ಣು ಹಿಡಿಯಲೆಂದು ನೆಟ್ಟ ಹೊರದೇಶದ ಅಕೇಶಿಯಾ ಮರಗಳೂ ಸೇರಿವೆ. ಮೈಗೆ ಬಟ್ಟೆ ಬಂದಿದೆ, ಚರ್ಮ ಬಂದಿಲ್ಲ. ಸಾವಿರಾರು ವರ್ಷ ಕೂಡಿ ಬಂದ ಮಣ್ಣು ಇಪ್ಪತ್ತೈದು ವರ್ಷದಲ್ಲಿ ಹೋಯಿತು. ಅದು ಮರಳಿ ಬರಲು ಮತ್ತೆ ಅಷ್ಟೇ ಕಾಲ ಬೇಕು. ಲಕ್ಯಾದ ಕಟ್ಟೆಯ ಹಿಂದೆ ತುಂಬಿದ ಮಣ್ಣು ಇಂದಿಗೂ ಅಲ್ಲಿಯೇ ಇದೆ. ಗಣಿ ನಿಂತರೂ ಆ ಕಟ್ಟೆಯನ್ನು ಪ್ರತಿ ಮಳೆಗಾಲವೂ ಎಚ್ಚರದಿಂದ ಕಾಯಲೇಬೇಕು. ಯಾವ ಉದ್ಯಮವೂ ತನ್ನ ಲಾಭವನ್ನು ಎಣಿಸುವಾಗ ಈ ಕಾವಲಿನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಲ್ಲಿಂದ ಮುಂದೆ ಶೃಂಗೇರಿಯ ಕಡೆ ತಿರುಗಿದ ರಸ್ತೆಯಲ್ಲಿ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಈ ಮೂವರಿಗೂ ವರಾಹಪರ್ವತವೇ ತವರು ಎಂಬುದು ಪರಂಪರೆಯ ನಂಬಿಕೆ. ಕಾಡಿನ ರಕ್ಷಣೆಗಾಗಿ ಇಲ್ಲಿಯೂ ಪ್ರವೇಶಕ್ಕೆ ನಿರ್ಬಂಧವಿದೆ. ಶಿಷ್ಯರಿಗೆ ನಿರಾಸೆಯಾಯಿತು. ಇಷ್ಟು ದೂರ ಬಂದು ಮೂಲವನ್ನು ಕಾಣದೆ ಹೋಗುವುದೇ ಎಂದರು. ನನಗೆ ಹಾಗೆನ್ನಿಸಲಿಲ್ಲ. ತವರುಮನೆಯ ಬಾಣಂತಿಕೋಣೆಗೆ ಯಾರೆಂದರೆ ಅವರು ನುಗ್ಗುವುದುಂಟೆ? ನಾವು ಹೋಗದಿರುವುದೇ ಅಲ್ಲಿ ಸಲ್ಲಿಸಬೇಕಾದ ಪೂಜೆ. ರಸ್ತೆಯ ಅಂಚಿನಿಂದಲೇ ಕೈಮುಗಿದೆ. ಮೋರಿಯ ಕೆಳಗೆ ಒಂದು ಸಣ್ಣ ತೊರೆ ಹರಿಯುತ್ತಿತ್ತು. ತಳದ ಕಲ್ಲುಗಳನ್ನು ಎಣಿಸಬಹುದಾದಷ್ಟು ತಿಳಿನೀರು. ಆ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬ ಗುರುಗಳ ಮಾತು ನೆನಪಾಗಿ ಕಣ್ಣು ಮಂಜಾಯಿತು.

ಈ ಕಥೆ ಕುದುರೆಮುಖವೊಂದರದೇ ಅಲ್ಲ. ಕೇರಳದ ಸೈಲೆಂಟ್ ವ್ಯಾಲಿಯ ಮಳೆಕಾಡನ್ನು ಮುಳುಗಿಸಬೇಕಾಗಿದ್ದ ಅಣೆಕಟ್ಟಿನ ಯೋಜನೆ ಜನರ ವಿರೋಧದಿಂದ ನಿಂತು, ಆ ಕಾಡು ೧೯೮೪ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲಕಣಿಯ ಹಳ್ಳಿಗರು ಕಳಾಸೆಯ ಕಾಡಿಗೆ ನಡೆದುಹೋಗಿ, ಕೊಡಲಿಗೆ ಗುರಿಯಾದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಎಂಬ ಕನ್ನಡದ ಮಾತು ಅಂದು ದೇಶಕ್ಕೆ ಪರಿಚಯವಾಯಿತು. ೨೦೧೨ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳ ೩೯ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಸ್ಥಾನ ಪಡೆಯಿತು. ಗಣಿ ಮುಂದುವರಿದಿದ್ದರೆ ಆ ಗೌರವವನ್ನು ಯಾವ ಮುಖದಿಂದ ಸ್ವೀಕರಿಸುತ್ತಿದ್ದೆವು? ಆದರೆ ಹಸಿವು ಇಂಗಿಲ್ಲ, ದಿಕ್ಕು ಬದಲಾಗಿದೆ. ಅದೇ ಸಂಸ್ಥೆಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಗಾಗಿ ಅರಣ್ಯಭೂಮಿ ಕೊಡುವ ಪ್ರಶ್ನೆ ೨೦೨೪ರಲ್ಲಿ ಎದ್ದಾಗ, ಕುದುರೆಮುಖದ ಹಳೆಯ ಲೋಪಗಳನ್ನು ಮೊದಲು ಸರಿಪಡಿಸಬೇಕೆಂದು ರಾಜ್ಯದ ಅರಣ್ಯ ಸಚಿವರು ತಡೆಯೊಡ್ಡಿದರು. ಒಂದು ಬೆಟ್ಟದ ಋಣ ಇನ್ನೊಂದು ಬೆಟ್ಟದ ಬಾಗಿಲಲ್ಲಿ ಬಂದು ನಿಂತಿತು.

ಕಬ್ಬಿಣ ಬೇಡವೆ ಎಂದು ಕೆಲವರು ಕೇಳುತ್ತಾರೆ. ಬೇಕು. ನೇಗಿಲ ಗುಳವೂ ಕಬ್ಬಿಣದ್ದೇ, ಮಠದ ಪ್ರಸಾದನಿಲಯದ ಕಡಾಯಿಯೂ ಲೋಹದ್ದೇ. ಆದರೆ ಶರಣಧರ್ಮ ಕಾಯಕದ ಜೊತೆಯಲ್ಲಿಯೇ ದಾಸೋಹವನ್ನು ಇಟ್ಟಿದೆ. ಯಾವ ಗಳಿಕೆ ಇನ್ನೊಬ್ಬರ ಪಾತ್ರೆಯಿಂದ ಅನ್ನವನ್ನು ಕಸಿದುಕೊಳ್ಳುವುದೋ ಅದು ಕಾಯಕವೆನಿಸದು. ಬೆಟ್ಟದಲ್ಲಿ ಕೆಲವರ ಗಳಿಕೆಗೆ ಬಯಲಿನ ಲಕ್ಷಾಂತರ ಜನರ ಕಾಲುವೆ ಹೂಳಿನಿಂದ ತುಂಬುವುದಾದರೆ ಅಲ್ಲಿ ದಾಸೋಹವೆಲ್ಲಿ? ಅದನ್ನು ನಾನು ಕಾಯಕವೆಂದು ಕರೆದುದು ಮಾತಿನ ತಪ್ಪಲ್ಲ, ತಿಳಿವಿನ ತಪ್ಪು. ಪ್ರಸಾದವೆಂದು ಸ್ವೀಕರಿಸಿದ ವಸ್ತುವನ್ನು ಚೆಲ್ಲಬಾರದೆಂದು ನಮ್ಮ ತಾಯಂದಿರು ಕಲಿಸಿದ್ದಾರೆ. ನೀರೂ ಪ್ರಸಾದವಾದರೆ, ಆ ನೀರನ್ನು ಬಡಿಸುವ ಕಾಡು ಪ್ರಸಾದದ ಮನೆ.

ಓದುಗ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಬಾಳೆಹೊನ್ನೂರಿಗೆ, ಕಳಸಕ್ಕೆ ಹೋದಾಗ ಹೊಳೆಯಲ್ಲಿ ಬಟ್ಟೆ, ಪ್ಲಾಸ್ಟಿಕ್ ಬಿಡಬೇಡಿರಿ. ಮಕ್ಕಳನ್ನು ಅಣೆಕಟ್ಟಿನ ಉದ್ಯಾನಕ್ಕೆ ಮಾತ್ರ ಕರೆದೊಯ್ಯದೆ, ಅದರಾಚೆಯ ಕಾಡನ್ನೂ ತೋರಿಸಿರಿ. ನಮ್ಮ ಮಠಗಳಲ್ಲಿ, ಸಮಾಜದ ಸಭೆಗಳಲ್ಲಿ ನೀರಿನ ಮಾತು ಬಂದಾಗ ನಾಲೆಗೆ ಎಷ್ಟು ದಿನ ನೀರು ಎಂಬುದಷ್ಟನ್ನೇ ಚರ್ಚಿಸಿ ಮುಗಿಸುತ್ತೇವೆ. ನೀರು ಹುಟ್ಟುವ ಬೆಟ್ಟದ ಮೇಲೆ ಮುಂದೆ ಮತ್ತೊಂದು ಗುತ್ತಿಗೆಯ ಅರ್ಜಿ ಬಂದರೆ, ಮೊದಲು ದನಿಯೆತ್ತಬೇಕಾದವರು ಮಲೆನಾಡಿನವರಷ್ಟೇ ಅಲ್ಲ, ಕಾಲುವೆಯ ಕೊನೆಯಲ್ಲಿ ಕುಳಿತ ನಾವು.

ಊರಿಗೆ ಮರಳಿದ ಮರುದಿನ ಪೂಜೆಗೆಂದು ತಂಬಿಗೆ ಹಿಡಿದು ಕಾಲುವೆಗೆ ಹೋದೆ. ವಯಸ್ಸಾದವರು ನೀವೇಕೆ ಬಂದಿರಿ ಎಂದು ಶಿಷ್ಯರು ತಡೆದರು. ಅವರ ಮಾತನ್ನು ಕೇಳಲಿಲ್ಲ. ನೀರಿಗೆ ಇಳಿದು ತಂಬಿಗೆಯನ್ನು ಮುಳುಗಿಸುವ ಮೊದಲು ಪಡುವಣ ದಿಕ್ಕಿಗೆ ತಿರುಗಿ ನಮಸ್ಕರಿಸಿದೆ. ಐವತ್ತು ವರ್ಷಗಳ ಹಿಂದೆಯೇ ಮಾಡಬೇಕಾಗಿದ್ದ ನಮಸ್ಕಾರ ಅದು. ಆ ಕಾಡುಗಳು ಉಳಿಯಲಿ, ಭದ್ರೆ ತಿಳಿಯಾಗಿ ಹರಿಯಲಿ, ಕೊನೆಯ ಹೊಲದ ರೈತನ ಗದ್ದೆಗೂ ನೀರು ಮುಟ್ಟಲಿ ಎಂದು ಪರಶಿವನಲ್ಲಿ ಪ್ರಾರ್ಥಿಸುತ್ತೇನೆ.